ಚೀಟಿಯ ಹಿಂಬದಿ

ಮೊದಲ ಸಲ ಓದುವಾಗ ಹಳದಿ ಪೆನ್ನು ಹಿಡಿದಿದ್ದೆ.
ಮುಖ್ಯವಾದದ್ದಕ್ಕೆ ಮಾತ್ರ ಗೆರೆ ಎಂದು ಶುರುವಾಗಿ
ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ
ಪುಟವೆಲ್ಲ ಅರಿಸಿನ ಹಚ್ಚಿದ ಮದುಮಗಳು,
ಯಾರ ಕೈ ಹಿಡಿಯಬೇಕೆಂದು ತಿಳಿಯದೆ ಕೂತಿದ್ದಳು.
ಫೇಲಾದೆ. ಮೂವತ್ತೊಂದು.

ಎರಡನೆಯ ಸಲಕ್ಕೆ ಟೈಮ್‌ಟೇಬಲ್ ಬರೆದು
ಗುದೈಬಿಯಾದ ಬಾಡಿಗೆ ಕೋಣೆಯ ಫ್ರಿಜ್ಜಿಗೆ ಅಂಟಿಸಿದೆ.
ಏಳಕ್ಕೆ ಒಪ್ಪಂದ, ಒಂಬತ್ತಕ್ಕೆ ಅಪಕೃತ್ಯ,
ನಡುವೆ ಮೀನುಸಾರು.
ಪ್ರಸ್ತಾಪ, ಸ್ವೀಕಾರ, ಪ್ರತಿಫಲ
ಮಗ್ಗಿಯ ಹಾಗೆ ಬಾಯಿಪಾಠ;
ಎ.ಸಿ. ನಿಂತೊಡನೆ ಅದೂ ನಿಲ್ಲುತ್ತಿತ್ತು.

ಪ್ರಶ್ನೆಗಳಲ್ಲಿ ಬರುವ ಮನುಷ್ಯರು ಇಬ್ಬರೇ: ‘ಅ’ ಮತ್ತು ‘ಆ’.
‘ಅ’ ಕುದುರೆ ಮಾರುತ್ತಾನೆ, ‘ಆ’ ಕೊಳ್ಳುತ್ತಾನೆ, ಕುದುರೆ ಸಾಯುತ್ತದೆ.
ಇಬ್ಬರಿಗೂ ಊರಿಲ್ಲ, ನೆಗಡಿಯಿಲ್ಲ,
ತಿಂಗಳ ಕೊನೆ ಎಂಬುದಿಲ್ಲ.

ಲೋಲಾಕ್ಷಣ್ಣನ ಲಾಂಡ್ರಿ ನನ್ನ ಮೆಟ್ಟಿಲ ಕೆಳಗೆ.
ಬೆಳ್ತಂಗಡಿ ಕಡೆಯವರು, ಹಬೆಯೊಳಗೆ ಹತ್ತೊಂಬತ್ತು ವರ್ಷ.
ಒಂದು ಸಂಜೆ ಅವರಿಗೆ ‘ಅ’ನ ಕತೆ ಹೇಳಿದೆ.
ಬೇರೆ ಯಾರಿಗಾದರೂ ಬಿಡಿಸಿ ಹೇಳಿದರೆ
ತಲೆಗೆ ಹತ್ತುತ್ತದೆ ಅಂತ ಎಲ್ಲೋ ಓದಿದ್ದೆ.
ಇಸ್ತ್ರಿ ನಿಲ್ಲಿಸದೆ ಕೇಳಿದರು:
“ಕುದುರೆಗೆ ಸೀಕು ಉಂಟೂಂತ ಮಾರಿದವನಿಗೆ ಗೊತ್ತಿತ್ತಾ?
ದುಡ್ಡು ಕೊಟ್ಟದ್ದು ಮೊದಲಾ, ಕುದುರೆ ಕೆಮ್ಮಿದ್ದು ಮೊದಲಾ?”
ಪುಸ್ತಕ ತೆರೆದೆ. ಅದೇ ಪ್ರಶ್ನೆ, ನಲವತ್ತು ಪುಟ.
ಅಂದಿನಿಂದ ದಿನಕ್ಕೊಂದು ಮೊಕದ್ದಮೆ,
ಅವರ ಕೊನೆಯ ಅಂಗಿ ಮಡಚುವವರೆಗೆ.

ಆಮೇಲೆ ಕೋಟಿನ ವಿಷಯ.
ಕೂಸು ಹುಟ್ಟುವ ಮುನ್ನ ಕುಲಾವಿ,
ಪಾಸಾಗುವ ಮೊದಲೇ ಕರಿ ಕೋಟು ಹೊಲಿಸಿದ್ದೆ.
ಇಸ್ತ್ರಿಗೆ ಕೊಟ್ಟರೆ ಬೆನ್ನ ಮೇಲೆ ಪೆಟ್ಟಿಗೆಯ ಅಚ್ಚು,
ದೋಣಿಯಾಕಾರದ ಹೊಳಪು.
ಲೋಲಾಕ್ಷಣ್ಣ ಮಾತಾಡದೆ ಚೀಟಿ ಮಗುಚಿ ತೋರಿಸಿದರು:
ಸುಟ್ಟರೆ, ಕುಗ್ಗಿದರೆ, ಬಣ್ಣ ಬಿಟ್ಟರೆ ಅಂಗಡಿ ಹೊಣೆಯಲ್ಲ.
ಸಾಸಿವೆಯಷ್ಟು ಅಕ್ಷರ.

ಎಂಥ ಖುಷಿ ನನಗೆ! ಏಳನೆಯ ಅಧ್ಯಾಯ
ತಾನಾಗಿ ಕೌಂಟರಿನ ಮೇಲೆ ಬಂದು ಕೂತಿದೆ.
“ಬಟ್ಟೆ ತಗೊಂಡು ರೇಟು ಹೇಳಿದಾಗಲೇ ಒಪ್ಪಂದ ಮುಗೀತು.
ಚೀಟಿ ಆಮೇಲಿನದು. ಆಮೇಲೆ ಹೇಳಿದ ಷರತ್ತು ಷರತ್ತಲ್ಲ.
ಮೊದಲೇ ಗೋಡೆಗೆ ಬರೆದು ಹಾಕಿದ್ದೀರಾ? ಎಲ್ಲಿ? ತೋರಿಸಿ.”
ವಿವಾದ, ನಿಯಮ, ಅನ್ವಯ, ತೀರ್ಮಾನ,
ಒಂದೇ ಉಸಿರಿಗೆ, ಒಂದು ತೊದಲಿಲ್ಲ.
ಗಂಟು ಹೊತ್ತು ಬಂದಿದ್ದ ಬಂಗಾಳಿ ಹುಡುಗ
ಮಾತು ತಿಳಿಯದೆಯೂ ಚಪ್ಪಾಳೆ ತಟ್ಟಿದ.
ಲೋಲಾಕ್ಷಣ್ಣನೂ ನಕ್ಕರು.

ಮಾರನೆಯ ಸಂಜೆ ಕೌಂಟರಿನ ಮೇಲೆ ಹನ್ನೆರಡು ದಿನಾರು,
ರಬ್ಬರ್ ಬ್ಯಾಂಡ್ ಸುತ್ತಿ.
“ಅಯ್ಯೋ, ಅದು ಪರೀಕ್ಷೆಗೆ ಹೇಳಿದ್ದು.”
“ನೀವು ಹೇಳಿದ್ದು ಸರಿಯೇ ಉಂಟಲ್ಲ.”
“ಧಣಿ ಕೊಟ್ಟರಾ?”
“ಧಣಿ ಯಾಕೆ ಕೊಡ್ತಾರೆ? ಇಸ್ತ್ರಿ ಹಿಡಿದದ್ದು ನನ್ನ ಕೈ.”

ಇನ್ನೊಂದು ಪುಸ್ತಕದ ಹನ್ನೊಂದನೆಯ ಅಧ್ಯಾಯ:
ಆಳಿನ ತಪ್ಪಿಗೆ ಒಡೆಯನ ಹೊಣೆ.
ಬರುವುದಿಲ್ಲವೆಂದು ಬಿಟ್ಟಿದ್ದೆ,
ಆರು ವರ್ಷದ ಹಳೆಯ ಪ್ರಶ್ನೆಪತ್ರಿಕೆ ಗುಣಿಸಿ, ಜಾಣತನದಿಂದ.
ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.
ಹಣ ಹಿಂದೆ ಸರಿಸಿದೆ. ಅವರು ಮುಂದೆ ಸರಿಸಿದರು.
ಆ ರಾತ್ರಿ ಟೈಮ್‌ಟೇಬಲ್ ನೋಡಲಿಲ್ಲ,
ಹಳದಿ ಪೆನ್ನು ಹುಡುಕಲಿಲ್ಲ,
ಬೆಳಗಿನ ಬಾಂಗಿನವರೆಗೆ ಓದಿದೆ.
ಸಂಜೆ ಹೋಗಿ ಬಿಡಿಸಿ ಹೇಳಿದೆ.
ಪೂರ್ತಿ ಕೇಳಿ, ಕಾಲರು ತಿರುವಿ ಹಾಕಿ ಅಂದರು:
“ಪುಸ್ತಕದಲ್ಲಿ ಚೆಂದ ಉಂಟು.
ಧಣಿಗೆ ಯಾರು ಓದಿ ಹೇಳುವುದು?”

ಪರೀಕ್ಷೆ ಜೂನಿನಲ್ಲಿ, ಶಾಲೆಯೊಂದರ ಹಾಲಿನಲ್ಲಿ.
ಹೊರಗೆ ಕುದಿ, ಒಳಗೆ ಹಲ್ಲು ಕಟಕಟ;
ಕೋಟು ಹಾಕಿಕೊಂಡೇ ಬರೆದೆ.
ಬೆನ್ನ ಮೇಲಿನ ದೋಣಿ ಹಿಂದಿನ ಸಾಲಿಗೆ ಕಂಡಿರಬೇಕು.
ಏಳನೆಯದು ಬಂತು. ಹನ್ನೊಂದರಿಂದ ಒಂದೂ ಬರಲಿಲ್ಲ.
ಪಾಸಾದೆ.
ಈಗ ಉಳಿದದ್ದೆಲ್ಲ ಮಸುಕು.
ಆ ಬಾರದ ಅಧ್ಯಾಯ ಮಾತ್ರ
ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ಹನ್ನೆರಡು ದಿನಾರು ಕೊನೆಗೆ ಯಾರಲ್ಲಿ ಉಳಿಯಿತೆಂದು
ಕೇಳಬೇಡಿ.